ಯಾರೂ ಕಾಯಿಸದ ನೀರು

ನನ್ನ ಹಳೆಯ ದಿನಚರಿಯೊಂದರಲ್ಲಿ, ನಲವತ್ತೆರಡನೇ ಇಸವಿಯ ಡಿಸೆಂಬರ್ ತಿಂಗಳ ಒಂದು ಪುಟದಲ್ಲಿ, ಹೀಗೆ ಬರೆದಿದೆ: "ಸಂಜೆ ಊರು ಸೇರಿದೆ. ಅಕ್ಕನಿಗೆ ಹೆರಿಗೆಯಾಗಿದೆ, ಮಗು ಉಳಿಯಲಿಲ್ಲ. ಬಿಸಿನೀರು ಸಿದ್ಧವಿತ್ತು. ಪ್ರಯಾಣದ ಆಯಾಸವೆಲ್ಲ ಹೋಯಿತು."

ಅಕ್ಷರ ನನ್ನದೇ. ಆಗ ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಿದ್ದೆ. ನಾಲ್ಕು ವಾಕ್ಯಗಳಲ್ಲಿ ಎರಡನ್ನು ಬಿಸಿನೀರಿಗೆ ಕೊಟ್ಟಿದ್ದೇನೆ. ಆ ದಿನ ನನಗೆ ದುಃಖವಾಗಿತ್ತೆಂದು ನನ್ನ ನೆನಪು ಈಗಲೂ ವಾದಿಸುತ್ತದೆ. ಪುಟದಲ್ಲಿ ಅದರ ಗುರುತಿಲ್ಲ. ಯಾವುದನ್ನು ನಂಬುವುದು? ನೆನಪು ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ, ಆದ್ದರಿಂದ ನಾನು ಪುಟವನ್ನೇ ಹೆಚ್ಚು ನಂಬುತ್ತೇನೆ.

ಆ ಬಿಸಿನೀರು ನನಗಾಗಿ ಕಾಯಿಸಿದ್ದಲ್ಲ. ಅದು ಅಕ್ಕನಿಗೆ ಕಾಯಿಸಿದ ನೀರು.

ನಮ್ಮೂರು ಚಿಕ್ಕರಸಿನಕೆರೆಯಿಂದ ಎರಡು ಮೈಲಿ. ನಮ್ಮ ಮನೆಯಲ್ಲಿ ಬಾಣಂತಿಗೆ ನೀರು ಹುಯ್ಯುವುದೆಂದರೆ ಅರ್ಧ ದಿನದ ಕೆಲಸ. ಬಚ್ಚಲಿನ ತಾಮ್ರದ ಹಂಡೆಗೆ ಒಂದು ಹಿಡಿ ಬೇವಿನ ಸೊಪ್ಪು ಹಾಕಿ, ಒಣಗಿದ ಕಬ್ಬಿನ ಸೋಗೆಯಲ್ಲಿ ಬೆಂಕಿ ಹತ್ತಿಸಿ, ಆಮೇಲೆ ಸೌದೆ ಇಟ್ಟು ಕುದಿಯುವವರೆಗೆ ಉರಿಸುತ್ತಿದ್ದರು. ಬಾಣಂತಿಯ ಮೈಗೆ ಹರಳೆಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಹೆತ್ತ ತಾಯಿ ನಿಂತುಕೊಂಡು ಚೊಂಬಿನಿಂದ ಬೆನ್ನಿಗೆ, ಸೊಂಟಕ್ಕೆ, ನೆತ್ತಿಗೆ ನೀರು ಬೀಸಿ ಹುಯ್ಯಬೇಕು. ಬಾಣಂತಿ ಸುಡುತ್ತದೆಂದು ಕೂಗಬೇಕು, ತಾಯಿ ಬೈಯಬೇಕು. ಆಮೇಲೆ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಿಡಿದು, ಕಂಬಳಿ ಹೊದಿಸಿ ಮಲಗಿಸಿದರೆ ಮೈಯ ಚಳಿಯೆಲ್ಲ ಬೆವರಾಗಿ ಇಳಿಯುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಕೊಟ್ಟಿದ್ದು ಮಂಡ್ಯದ ಪಕ್ಕದ ಗುತ್ತಲಿಗೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳಿಗೆ ಎಂಟನೇ ತಿಂಗಳಲ್ಲಿ ಚಳಿಜ್ವರ ಹಿಡಿಯಿತು. ನಾಲೆ ನೀರು ಬಂದಮೇಲೆ ನಮ್ಮ ಸೀಮೆಗೆ ಭತ್ತ ಬಂತು, ಕಬ್ಬು ಬಂತು, ಸೊಳ್ಳೆಗಳೂ ಬಂದವು. ಯುದ್ಧದ ಕಾಲವಾದ್ದರಿಂದ ಕ್ವಿನೈನ್ ಮಾತ್ರೆ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಯಿತು.

ಅವ್ವ ಹಂಡೆಗೆ ಬೆಂಕಿ ಹಾಕಿದ್ದಳು. ನೀರು ಕುದಿಯುತ್ತಿತ್ತು. ಆಗ ಅಜ್ಜಿ, ಎಂದರೆ ನನ್ನ ಅಪ್ಪನ ತಾಯಿ, ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದಳಂತೆ:

"ತೊಟ್ಲಲ್ಲಿ ಮಗಿಲ್ದೋಳ್ಗೆ ಎಂತಾ ಬಾಣಂತನ ಅಮ್ಮಿ? ಈ ಮನೇಲಿ ಅಂಗ್ ನಡ್ದಿಲ್ಲ. ತಲೆಗೊಂದ್ ಚೊಂಬು ಉಯ್ದು ಒಳೀಕ್ ಕರ್ಕಂಡೋಗು. ಉಡ್ಗ ಬೆಂಗಳೂರಿಂದ ಬಂದವ್ನೆ, ಈ ನೀರ ಅವ್ನಿಗ್ ಕೊಡು, ಮಿಂದ್ಕಳ್ಲಿ."

ಅಜ್ಜಿಯನ್ನು ಕೆಟ್ಟವಳೆಂದು ಬರೆದುಬಿಡುವುದು ಸುಲಭ. ಆಕೆ ಹೆತ್ತವರಲ್ಲಿ ನಾಲ್ಕು ಮಕ್ಕಳು ಮಣ್ಣು ಸೇರಿದ್ದವು. ಆಕೆಗೂ ಯಾರೂ ನೀರು ಹುಯ್ದಿರಲಿಲ್ಲ. ಮಗು ಇಲ್ಲದ ಬಾಣಂತಿಗೆ ಉಪಚಾರ ಮಾಡಿದರೆ ಮುಂದಿನ ಬಸಿರಿಗೆ ಕೇಡೆಂಬ ಭಯ ಆಕೆಯದು. ಅಪ್ಪ ಹೆಂಗಸರ ವಿಷಯಕ್ಕೆ ಬರುತ್ತಿರಲಿಲ್ಲ. ಅವ್ವ ಅತ್ತೆಯ ಮಾತಿಗೆ ಎದುರಾಡಲಿಲ್ಲ. ನಾನು ಬಚ್ಚಲಿಗೆ ಹೋಗಿ ಮಿಂದೆ. ನೀರಿನಲ್ಲಿ ಬೇವಿನ ಎಲೆ ತೇಲುತ್ತಿದ್ದುದು ನನಗೆ ನೆನಪಿದೆ. ಅದು ಯಾರ ನೀರೆಂದು ಗೊತ್ತಾಗಲು ಆ ಎಲೆಗಳೇ ಸಾಕಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಿತ್ತೋ ಇಲ್ಲವೋ, ಹೇಳಲಾರೆ.

ಅಂದಿನಿಂದ ಅಕ್ಕ ತವರಿನ ಬಿಸಿನೀರು ಮುಟ್ಟಲಿಲ್ಲ. ಜಗಳ ಮಾಡಲಿಲ್ಲ, ಅಳಲಿಲ್ಲ. ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಬರುತ್ತಿದ್ದಳು. ಬೆಳಿಗ್ಗೆ ಎದ್ದು ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ನಾಲೆಗೆ ಹೋಗಿ ತಣ್ಣೀರಲ್ಲಿ ಮಿಂದು ಬರುತ್ತಿದ್ದಳು. ಅವಳು ಬಂದ ದಿನವೆಲ್ಲ ಅವ್ವ ಹಂಡೆಗೆ ಬೆಂಕಿ ಹಾಕುತ್ತಿದ್ದಳು.

"ನೀರು ಕಾದದೆ ಕಣವ್ವ."

"ನಂಗಾಗಾಕಿಲ್ಲ. ಬಿಸಿನೀರು ಮೈಗೋದ್ರೆ ತಲೆ ಸುತ್ತದೆ."

ಇಬ್ಬರ ನಡುವೆ ಆಗುತ್ತಿದ್ದ ಮಾತು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಹಂಡೆ ಆರುತ್ತಿತ್ತು. ಅವ್ವ ಆ ನೀರನ್ನು ಬಾಳೆಯ ಬುಡಕ್ಕೆ ಹಾಕುತ್ತಿದ್ದಳು. ಚಳಿಗಾಲದಲ್ಲಿ ಅಕ್ಕ ಒದ್ದೆ ತಲೆಯಲ್ಲಿ ನಡುಗುತ್ತ ಬರುವುದನ್ನು ಅವ್ವ ಜಗುಲಿಯಿಂದ ನೋಡುತ್ತಿದ್ದಳು. ಮಗಳಿಗೆ ಒಂದೇ ಒಂದು ಸಲ ಬಾಣಂತಿ ನೀರು ಹುಯ್ಯಬೇಕೆಂಬ ಆಸೆ ಅವ್ವನೊಳಗೆ ಬೆಳೆಯುತ್ತಿದ್ದುದು ಮನೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಅಜ್ಜಿಗೂ ಕಾಣುತ್ತಿತ್ತು. ಆದರೆ ಅಜ್ಜಿಯ ಮನೆ, ಅಜ್ಜಿಯ ಹಂಡೆ, ಅಜ್ಜಿಯ ಒಲೆ.

ಓದು ಮುಗಿಸಿ ನಾನು ಮಳವಳ್ಳಿಯಲ್ಲಿ ಮೇಷ್ಟ್ರಾದೆ. ಶನಿವಾರ ಮಧ್ಯಾಹ್ನ ಸೈಕಲ್ಲಿನಲ್ಲಿ ಊರಿಗೆ ಬಂದು ಸೋಮವಾರ ಬೆಳಿಗ್ಗೆ ಹಿಂದಿರುಗುತ್ತಿದ್ದೆ. ಕಾಲೇಜಿನಲ್ಲಿ ಭೂವಿಜ್ಞಾನ ಓದಿದ್ದ ಜಂಬ ಇನ್ನೂ ಇಳಿದಿರಲಿಲ್ಲ. ಮಳವಳ್ಳಿಯ ಮಕ್ಕಳಿಗೆ ಹೇಳಿ ಉಳಿದದ್ದನ್ನು ಅವ್ವನಿಗೆ ಹೇಳುತ್ತಿದ್ದೆ. ನಲವತ್ತಾರನೇ ಇಸವಿಯ ಅವರೆಕಾಯಿ ಕಾಲದಲ್ಲಿ, ಒಂದು ಭಾನುವಾರ, ಅವ್ವ ಅಂಗಳದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನು ಬೆಂಕಿಬೆಟ್ಟಗಳ ಕಥೆ ಶುರು ಮಾಡಿದೆ. ಘಟ್ಟದ ಆಚೆ, ಕೊಂಕಣದ ಕಡೆ, ನೆಲವೆಲ್ಲ ಕರಿಕಲ್ಲು. ಒಂದು ಕಾಲಕ್ಕೆ ಭೂಮಿ ಬಿರಿದು ಬೆಂಕಿಯೇ ಹೊಳೆಯಂತೆ ಹರಿದು, ಆರಿ, ಆ ಕಲ್ಲಾಯಿತು. ಈಗಲೂ ಅಲ್ಲಿ ಕೆಲವು ಕಡೆ ನೆಲದೊಳಗಿಂದ ಕುದಿನೀರು ಬರುತ್ತದೆ ಎಂದೆ.

ಅವ್ವನ ಕೈ ನಿಂತಿತು.

"ನೆಲದೊಳ್ಗೆ ಬೆಂಕಿ ಯಾರ್ಲಾ ಅಚ್ಚೋರು?"

"ಯಾರೂ ಅಚ್ಚಾಕಿಲ್ಲ ಕಣವ್ವ. ತಾನಾಗೇ ಅದೆ."

"ಸೌದೆ?"

"ಸೌದೆ ಇಲ್ಲ."

"ಒಲೆ?"

"ಒಲೆನೂ ಇಲ್ಲ."

"ಅಂಗಾರೆ ಆ ನೀರು ಯಾರ ಮನೇದು?"

"ಯಾರ ಮನೇದೂ ಅಲ್ಲ."

ಅವ್ವ ಮತ್ತೆ ಅವರೆ ಹಿದುಕತೊಡಗಿದಳು. ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಆ ಹಳೆಯ ಬೆಂಕಿ ಎಂದೋ ಆರಿಹೋಗಿದೆ. ನೀರು ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಅಲ್ಲಿಯ ಕಾವಿಗೆ ಬಿಸಿಯಾಗಿ ಮೇಲೆ ಬರುತ್ತದೆ ಎಂದು ನಮ್ಮ ಅಧ್ಯಾಪಕರು ಹೇಳಿದ್ದರು. ಅವ್ವನ ಮುಂದೆ ಕಥೆ ಚೆನ್ನಾಗಿರಲಿ ಎಂದು ಬೆಂಕಿಯನ್ನು ಉಳಿಸಿಕೊಂಡೆ.

ಮುಂದಿನ ವಾರ ನಾನು ಹೋಗುವ ಹೊತ್ತಿಗೆ ಅವ್ವನಿಗೆ ಮಂಡಿ ನೋವು ಬಂದಿತ್ತು. ಅದರ ಮುಂದಿನ ವಾರ ನೋವು ಜಾಸ್ತಿಯಾಗಿತ್ತು. ಶಿವರಾತ್ರಿ ಕಳೆಯುವ ಹೊತ್ತಿಗೆ, ನೆಲದ ಬಿಸಿನೀರಲ್ಲದೆ ಈ ಮಂಡಿಗೆ ಬೇರೆ ಮದ್ದಿಲ್ಲ ಎಂದು ಇಡೀ ಮನೆ ಒಪ್ಪಿಕೊಂಡಿತ್ತು. ಕೊಂಕಣದ ಆ ಬಿಸಿನೀರ ಊರಿನಲ್ಲಿ ಹೆಂಗಸರ ಕೊಳಕ್ಕೆ ಮಗ ಹೋಗುವಂತಿಲ್ಲ, ಕೈಹಿಡಿದು ಇಳಿಸಲು ಮಗಳು ಬೇಕು. ಗುತ್ತಲಿಗೆ ಹೋಗಿ ನಾನೇ ಕೇಳಿದೆ. ಭಾವ ಒಳ್ಳೆಯವರು. "ಅತ್ತೆಗೆ ಮಂಡಿ ಅಂದ್ರೆ ಓಗ್ ಬರ್ಲಿ ಬುಡಿ" ಎಂದರು. ಅಕ್ಕ ಮಾತ್ರ ಮುಖ ಓರೆ ಮಾಡಿದಳು.

"ಮೇ ತಿಂಗಳ ಬಿಸ್ಲಲ್ಲಿ ಬಿಸಿನೀರು ಉಡಿಕ್ಕಂಡು ಅಷ್ಟ್ ದೂರ ಓಗೋರು ನಾವೇ ಇರ್ಬೇಕು ಕಣ್ಲಾ."

ಆ ಏಪ್ರಿಲ್ ತಿಂಗಳ ಪುಟದಲ್ಲಿ ಒಂದು ಸಾಲಿದೆ: "ಅವ್ವ ಸಾಂಬ್ರಾಣಿ ಕೇಳಿದ್ದಳು, ಮಳವಳ್ಳಿ ಸಂತೆಯಿಂದ ತಂದೆ." ಈ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮದ್ದೂರಿಗೆ ಬಂದು ರೈಲು ಹತ್ತಿದೆವು. ಮೈಸೂರು, ಅರಸೀಕೆರೆ, ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಕೊಲ್ಲಾಪುರ. ರೇಷನ್ ಕಾಲವಾದ್ದರಿಂದ ಅವ್ವ ಹುರಿಹಿಟ್ಟು, ಬೆಲ್ಲ ಕಟ್ಟಿಕೊಂಡಿದ್ದಳು. ಅದರ ಜೊತೆ ಇನ್ನೊಂದು ಗಂಟಿತ್ತು. ಅದನ್ನು ತಲೆದಿಂಬು ಮಾಡಿಕೊಂಡು ಮಲಗಿದಳೇ ಹೊರತು ಯಾರಿಗೂ ಬಿಚ್ಚಲು ಬಿಡಲಿಲ್ಲ. ಅರಸೀಕೆರೆಯಲ್ಲಿ ರೈಲು ಬದಲಿಸುವಾಗ ಗಂಟು ನನ್ನ ಹೆಗಲ ಮೇಲಿತ್ತು. ಘಮ್ಮೆಂದಿತು.

"ಏನವ್ವ ಇದು ವಾಸ್ನೆ?"

"ಮಂಡಿಗ್ ಕಟ್ಟೋ ಸೊಪ್ಪು ಕಣ್ಲಾ. ಸುಮ್ಕೆ ನಡಿ."

ಮುಂದೆ ಹೋಗುತ್ತಿದ್ದ ಅಕ್ಕ ತಿರುಗಿ ನೋಡಿದಳು. "ಮಂಡಿ ನೋವಿರೋಳು ನೀನಾ ಇವ್ನಾ? ಇವ್ನೇ ಇಂದೆ ಬಿದ್ದವ್ನಲ್ಲ!"

ಕೊಲ್ಲಾಪುರದಿಂದ ಬಸ್ಸು ಘಟ್ಟ ಇಳಿಯಿತು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಕರಿಕಲ್ಲಿನ ಪದರಗಳು ಒಂದರ ಮೇಲೊಂದು ರೊಟ್ಟಿ ಪೇರಿಸಿಟ್ಟಂತೆ ರಸ್ತೆಯ ಪಕ್ಕ ಎದ್ದು ನಿಂತಿದ್ದವು. ಒಂದೊಂದು ಪದರವೂ ಒಂದೊಂದು ಬೆಂಕಿಯ ಹೊಳೆ. ನಾನು ಕಿಟಕಿಯಿಂದ ತೋರಿಸಿದೆ. ಅವ್ವ ನೋಡಿದಳು. "ಎಲ್ಲಾ ಆರೋಗದಲ್ಲೋ" ಎಂದಳು, ಆತಂಕದಿಂದ. ಒಳಗಡೆ ಇದೆ ಎಂದು ಮತ್ತೆ ಸುಳ್ಳು ಹೇಳಿದೆ.

ಬಸ್ಸಿಳಿದು ಎರಡು ಮೈಲಿ ನಡೆದು ಬಿಸಿನೀರಿನ ಆ ಹಳ್ಳಿ ಸೇರಿದಾಗ ಬೆಳಗಿನ ಬಿಸಿಲು ಏರುತ್ತಿತ್ತು. ಹತ್ತು ಹದಿನೈದು ಮನೆ, ಒಂದು ಪುಟ್ಟ ಗುಡಿ, ಗೋಡಂಬಿ ಮರಗಳು. ಗುಡಿಯ ಹಿಂದೆ ಕರಿಕಲ್ಲಿನ ಎರಡು ಕೊಳ. ಗಂಡಸರದು ಬಯಲಿನಲ್ಲಿ. ಹೆಂಗಸರದಕ್ಕೆ ಆಳಿಗಿಂತ ಎತ್ತರದ ಕಲ್ಲಿನ ಗೋಡೆ. ಅದಕ್ಕೆ ಬಾಗಿಲಿಲ್ಲ, ತಿರುವಿಕೊಂಡು ಒಳಗೆ ಹೋಗುವ ಸಂದಿ ಮಾತ್ರ. ಗೋಡೆಯ ಬುಡದ ಕಿಂಡಿಯಿಂದ ನೀರು ಹೊರಕ್ಕೆ ಹರಿದು ಗದ್ದೆಗೆ ಹೋಗುತ್ತಿತ್ತು. ಸಣ್ಣಗೆ ಗಂಧಕದ ವಾಸನೆ. ಶಾಲೆಯಿಂದ ತಂದಿದ್ದ ಉಷ್ಣಮಾಪಕವನ್ನು ಕಿಂಡಿಯಲ್ಲಿ ಹಿಡಿದೆ. ನೂರಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಆ ದಿನದ ಪುಟದಲ್ಲಿರುವುದು ಈ ಅಂಕಿ, ಕಲ್ಲಿನ ವಿವರ, ನೀರಿನ ವಾಸನೆ. ಅಷ್ಟೇ. ಇನ್ನು ಮುಂದೆ ಬರೆಯುವುದಕ್ಕೆಲ್ಲ ನೆನಪೊಂದೇ ಆಧಾರ. ಓದುವವರು ಅದಕ್ಕೆ ತಕ್ಕಷ್ಟೇ ಬೆಲೆ ಕೊಡಬೇಕು.

ಅವ್ವ ಮಾವಿನ ಮರದ ಕೆಳಗೆ ಕೂತು ಗಂಟು ಬಿಚ್ಚಿದಳು. ಹರಳೆಣ್ಣೆಯ ಸೀಸೆ. ಮೈಯ ಎಣ್ಣೆ ತೆಗೆಯುವ ಚಿಗರೆಪುಡಿ, ಅರಿಸಿನ. ಒಣಗಿಹೋದ ಬೇವಿನ ಸೊಪ್ಪು. ಸಾಂಬ್ರಾಣಿಯ ಪೊಟ್ಟಣ. ತಲೆಗೆ ಕಟ್ಟಲು ಹಳೆಯ ಸೀರೆಯ ಉದ್ದನೆಯ ತುಂಡು. ಮಡಿಸಿದ ಕಂಬಳಿ. ಎಲ್ಲಕ್ಕಿಂತ ಕೆಳಗೆ ಹಿತ್ತಾಳೆಯ ಚೊಂಬು. ಅದು ನಮ್ಮ ಮನೆಯದಲ್ಲ, ಅವ್ವ ತನ್ನ ತವರಿನಿಂದ ತಂದಿದ್ದು. ಅಕ್ಕ ಹುಟ್ಟಿದಾಗ ಅವ್ವನ ತಾಯಿ ಅವ್ವನಿಗೆ ನೀರು ಹುಯ್ದ ಚೊಂಬು.

ಅಕ್ಕ ನಿಂತೇ ನೋಡಿದಳು.

"ಇದೇನವ್ವ?"

ಅವ್ವ ಒಂದೊಂದನ್ನೇ ಸಾಲಾಗಿ ಇಡುತ್ತಿದ್ದಳು.

"ಮಂಡಿಗೆ ಚಿಗರೆಪುಡಿ ಯಾಕೆ? ತಲೆ ಬಟ್ಟೆ ಯಾಕೆ?"

"ನಿಂಗೇ ಕಣವ್ವ" ಎಂದಳು ಅವ್ವ, ತಲೆ ಎತ್ತದೆ. "ಇದು ನಿಮ್ಮಜ್ಜಿ ಒಲೆ ನೀರಲ್ಲ. ಯಾರ ಮನೇದೂ ಅಲ್ಲ."

ಅಕ್ಕ ತಿರುಗಿ ಗದ್ದೆಯ ಬದುವಿನ ಮೇಲೆ ದಡದಡನೆ ನಡೆದುಬಿಟ್ಟಳು. ನಾನು ಹಿಂದೆ ಓಡಿದೆ. ಬದುವಿನ ಕೊನೆಯಲ್ಲಿ ನಿಂತಳು.

"ನಿಂಗೊತ್ತಿತ್ತೇನ್ಲಾ?"

"ಇಲ್ಲ ಕಣಕ್ಕ."

ಹೀಗೆ ಹೇಳಿದ್ದು ಸ್ಪಷ್ಟವಾಗಿ ನೆನಪಿದೆ. ಹೇಳುವಾಗ ಅದು ನಿಜವೆಂದೇ ನಂಬಿದ್ದೆ. ಎಷ್ಟೋ ವರ್ಷಗಳ ಮೇಲೆ ಏಪ್ರಿಲ್ ಪುಟದ ಆ ಸಾಂಬ್ರಾಣಿಯ ಸಾಲು ಕಣ್ಣಿಗೆ ಬಿತ್ತು. ಮಂಡಿ ನೋವಿಗೆ ಯಾರಾದರೂ ಸಾಂಬ್ರಾಣಿ ಹಾಕುತ್ತಾರೆಯೇ? ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುವುದನ್ನು ನಾನು ನಲವತ್ತೆರಡರ ಆ ಸಂಜೆಯೇ ಕಲಿತುಬಿಟ್ಟಿದ್ದೆ.

"ನಾಕ್ ವರ್ಸ ಆಯ್ತಾ ಬಂತು" ಎಂದಳು ಅಕ್ಕ. "ಇವಾಗ ಎಂತಾ ಬಾಣಂತಿ ನೀರ್ಲಾ? ಕಂಡೋರು ನಗಾಕಿಲ್ವಾ?"

"ಇಲ್ಲಿ ನಮ್ಮನ್ನ ಕಂಡಿರೋರು ಯಾರವ್ರೆ?"

"ಅಂಗಂತ? ಅವತ್ತು ಬೇಕಾಗಿತ್ತು ನಂಗೆ. ಮೈಯೆಲ್ಲಾ ಐಸಾಗಿತ್ತು. ಕ್ವಾಣೇಲಿ ಮಲ್ಗಿದ್ದೆ, ಬಚ್ಚಲಲ್ಲಿ ಬೆಂಕಿ ಉರಿಯೋ ಸದ್ದು ಕೇಳಿಸ್ತಿತ್ತು. ಇವಾಗ್ ಕರೀತಾಳೆ, ಇವಾಗ್ ಕರೀತಾಳೆ ಅಂತ ಕಾಯ್ಕಂಡಿದ್ದೆ."

ಅವ್ವ ನಮ್ಮನ್ನು ಕರೆಯಲಿಲ್ಲ. ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಮರದ ಕೆಳಗೆ ಹಾಗೆಯೇ ಕೂತಿದ್ದಳು. ಅಕ್ಕ ಅತ್ತ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮೂಗಿನ ಹೊಳ್ಳೆ ಅದುರಿತು. ಅಳು ಬಂತೆಂದುಕೊಂಡೆ.

"ಮಂಡಿ ನೋವಂತೆ!" ಎಂದಳು. "ನೋಡ್ಲಾ ಅಲ್ಲಿ, ಎಂಗೆ ಚಕ್ಕಳಮಕ್ಕಳ ಆಕ್ಕಂಡು ಕೂತವ್ಳೆ! ಮೂರ್ ದಿನದಿಂದ ರೈಲಲ್ಲಿ ಅಯ್ಯಪ್ಪಾ ಅಮ್ಮಪ್ಪಾ ಅಂತಿದ್ಲು, ಕಳ್ಳಿ!"

ನಗು ತಡೆಯಲಾರದೆ ಬಗ್ಗಿ ಹೊಟ್ಟೆ ಹಿಡಿದುಕೊಂಡಳು. ನಾನೂ ನಕ್ಕೆ. ಅವ್ವ ದೂರದಿಂದ ನಮ್ಮನ್ನು ನೋಡಿ, ಏನೋ ಹೊಳೆದು, ಗಡಿಬಿಡಿಯಲ್ಲಿ ಒಂದು ಕಾಲು ಮುಂದಕ್ಕೆ ಚಾಚಿ ಮಂಡಿ ಒತ್ತಿಕೊಂಡಳು. ಅದನ್ನು ನೋಡಿ ಅಕ್ಕನ ನಗು ಇನ್ನಷ್ಟಾಯಿತು. ನಗುತ್ತಲೇ ಬದುವಿನ ಮೇಲೆ ವಾಪಸು ನಡೆದಳು. ಮರದ ಹತ್ತಿರ ಹೋಗುವಷ್ಟರಲ್ಲಿ ನಗು ನಿಂತಿತ್ತು. ಅವ್ವನ ಮಡಿಲಿನಿಂದ ಚೊಂಬನ್ನು ತಾನೇ ತೆಗೆದುಕೊಂಡು ಗೋಡೆಯ ಸಂದಿಯೊಳಗೆ ಹೋದಳು. ಅವ್ವ ಉಳಿದದ್ದನ್ನೆಲ್ಲ ಸೆರಗಿಗೆ ಬಾಚಿಕೊಂಡು, ಮಂಡಿಯ ವಿಷಯ ಪೂರ್ತಿ ಮರೆತು, ಹಿಂದೆಯೇ ಓಡಿದಳು.

ನಾನು ಗೋಡೆಗೆ ಒರಗಿ ಕೂತೆ. ಆ ಹೊತ್ತಿನಲ್ಲಿ ಒಳಗೆ ಬೇರೆ ಯಾರೂ ಇರಲಿಲ್ಲ. ಎಣ್ಣೆ ತಿಕ್ಕುವಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅಕ್ಕನ ದನಿ, ತೀರ ಸಹಜವಾಗಿ, ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವ ಹಾಗೆ:

"ಅವತ್ತು ಯಾಕುಯ್ನಿಲ್ಲ?"

ನೀರು ಹರಿಯುವ ಸದ್ದು ಮಾತ್ರ.

"ಎದರ್ಕಂಡೆ ಕಣವ್ವ."

"ಅಜ್ಜಿಗಾ?"

"ನಿಮ್ಮಜ್ಜಿಗಲ್ಲ. ನೀರುಯ್ಯಾಕ್ ನಿಂತ್ರೆ ನಿನ್ ಮೊಖ ನೋಡ್ಬೇಕಾಗ್ತಿತ್ತಲ್ಲ. ನೋಡಕ್ಕಾಗ್ನಿಲ್ಲ. ನಿಮ್ಮಜ್ಜಿ ಬ್ಯಾಡ ಅಂದಿದ್ದೇ ಸಾಕು ಅನ್ನುಸ್ಬುಡ್ತು."

ಮತ್ತೆ ನೀರಿನ ಸದ್ದು. ನನ್ನ ಪಕ್ಕದ ಕಿಂಡಿಯಿಂದ ಆವಿ ಏಳುತ್ತಿತ್ತು.

"ಉಯ್ಯಿ" ಎಂದಳು ಅಕ್ಕ.

ಮೊದಲ ಚೊಂಬು ಕಲ್ಲಿಗೆ ಬಿದ್ದ ಸದ್ದು ಕೇಳಿತು. ಎರಡನೆಯದು. ಮೂರನೆಯದು ಬೆನ್ನಿಗೆ ಬಿದ್ದಿರಬೇಕು, ಸದ್ದು ಬೇರೆಯಾಗಿತ್ತು. ಆಮೇಲೆ ಒಂದರ ಹಿಂದೊಂದು.

"ಅಯ್ಯಯ್ಯೋ, ಸುಡ್ತದೆ! ಕೊಲ್ತೀಯೇನವ್ವ!"

"ಸುಮ್ಕೆ ಕೂತ್ಕ ಬಾಯ್ಬಡ್ಕಿ. ಬಾಣಂತಿಗೆ ಇಂಗೇ ಉಯ್ಯಾದು."

ನನ್ನ ನೆನಪಿನಲ್ಲಿ ಒಂದು ಚಿತ್ರವಿದೆ. ಅಕ್ಕ ಕಲ್ಲಿನ ಮೇಲೆ ಕಣ್ಣುಮುಚ್ಚಿ ಕೂತಿದ್ದಾಳೆ, ಅವ್ವ ಸೆರಗು ಬಿಗಿದು ನಿಂತು ಚೊಂಬು ಎತ್ತಿದ್ದಾಳೆ, ನೀರು ಅಕ್ಕನ ಕೂದಲಿನಿಂದ ಇಳಿದು ಕೊಳಕ್ಕೇ ಮರಳಿ ಸೇರುತ್ತಿದೆ, ಕೊಳ ಖಾಲಿಯಾಗುತ್ತಿಲ್ಲ. ಈ ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಚೊಂಬಿನ ಅಂಚಿನ ನೆಗ್ಗು ಕೂಡ ಕಾಣುತ್ತದೆ. ಆದರೆ ನಾನು ಗೋಡೆಯ ಹೊರಗಿದ್ದೆ. ಇದನ್ನು ನೋಡಿದವನು ನಾನಲ್ಲ. ನನ್ನ ಜೀವನದಲ್ಲಿ ಅತ್ಯಂತ ಸ್ಪಷ್ಟವಾಗಿ ನೆನಪಿರುವ ದೃಶ್ಯ ನಾನು ನೋಡಿಯೇ ಇಲ್ಲದ್ದು.

ಅವರು ಹೊರಗೆ ಬಂದಾಗ ಅಕ್ಕನ ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿತ್ತು. ಮುಖ ಕೆಂಪಾಗಿತ್ತು. ಗುಡಿಯ ಜಗುಲಿಯ ಮೇಲೆ ಅವಳನ್ನು ಮಲಗಿಸಿ ಅವ್ವ ಆ ಬಿಸಿಲಿನಲ್ಲಿ ಕಂಬಳಿ ಹೊದಿಸಿದಳು. ಸಾಂಬ್ರಾಣಿಯ ಪೊಟ್ಟಣ ಬಿಚ್ಚಿ, ಹಾಗೇ ನನ್ನ ಮುಖ ನೋಡಿದಳು. ಕೆಂಡವಿಲ್ಲ. ಎಲ್ಲವನ್ನೂ ನೆನಪಿಟ್ಟು ತಂದವಳು ಕೆಂಡವನ್ನು ಮರೆತಿದ್ದಳು. ನೆಲದೊಳಗೆ ಬೆಂಕಿ ಇರುವ ಊರಿನಲ್ಲಿ ಕೆಂಡ ಇರುವುದಿಲ್ಲವೇ ಎಂದುಕೊಂಡಿದ್ದಳಂತೆ.

ಗುಡಿಯ ಪಕ್ಕದ ಗುಡಿಸಲಿನಲ್ಲಿ ಒಬ್ಬ ಮುದುಕಿ ಇದ್ದಳು. ಗುಡಿಯ ಕಸ ಗುಡಿಸಿ ದೀಪ ಹಚ್ಚುವವಳು. ನನಗೆ ಮರಾಠಿ ಬಾರದು. ಪೊಟ್ಟಣ ತೋರಿಸಿ, ಊದುವಂತೆ ಬಾಯಿ ಮಾಡಿದೆ. ಅವಳಿಗೆ ಅರ್ಥವಾಯಿತು. ಒಡೆದ ಮಡಕೆಯ ಚೂರಿನಲ್ಲಿ ಕೆಂಡ ಹಾಕಿಕೊಂಡು ತಾನೇ ಬಂದಳು. ಕಂಬಳಿ, ತಲೆಬಟ್ಟೆ, ಅರಿಸಿನ ಹಚ್ಚಿದ ಪಾದ, ಇವನ್ನು ನೋಡಿದ ಕೂಡಲೇ ಅವಳ ಸುಕ್ಕುಮುಖ ಅರಳಿತು. ಕೆಂಡವನ್ನು ಕೆಳಗಿಟ್ಟು, ಎರಡೂ ಕೈಗಳನ್ನು ತೊಟ್ಟಿಲಿನಂತೆ ಮಡಿಸಿ ತೂಗಿ, ಸುತ್ತ ನೋಡಿ, ಹುಬ್ಬು ಎತ್ತಿ ಕೇಳಿದಳು. ಮಗು ಎಲ್ಲಿ?

ಅವ್ವನ ಕೈಯಲ್ಲಿದ್ದ ಸಾಂಬ್ರಾಣಿ ಕೈಯಲ್ಲೇ ಉಳಿಯಿತು. ಎಲ್ಲ ಕೆಟ್ಟಿತು ಎಂದುಕೊಂಡೆ. ಯಾರಿಗೂ ಗೊತ್ತಿರದ ಊರಿಗೆ ಬಂದು ಇದೇ ಪ್ರಶ್ನೆಯ ಮುಂದೆ ನಿಂತೆವಲ್ಲ.

ಅಕ್ಕ ಕಂಬಳಿಯೊಳಗಿಂದ ಎದ್ದು ಕೂತಳು.

"ಗಂಡು ಕಣಜ್ಜಿ" ಎಂದಳು. ಮುದುಕಿಗೆ ಕನ್ನಡ ತಿಳಿಯದೆಂಬುದನ್ನು ಲೆಕ್ಕಿಸದೆ, ನಿಧಾನವಾಗಿ. "ತಲೆ ತುಂಬಾ ಕೂದ್ಲಿತ್ತು. ಅಳ್ನೇ ಇಲ್ಲ. ಒಂದ್ಕಿತ ನನ್ ಪಕ್ದಲ್ಲಿ ಮಲುಗ್ಸಿ ಎತ್ಕಂಡೋಗ್ಬುಟ್ರು." ಕೈಯನ್ನು ನೆಲದ ಕಡೆ ತೋರಿಸಿ, ಮೆಲ್ಲಗೆ ಅಂಗೈ ಬೋರಲು ಹಾಕಿದಳು.

ಗಂಡು ಮಗುವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಸಮೀಪಿಸುತ್ತಿದ್ದರೂ ನಾನು ಕೇಳಿರಲಿಲ್ಲ, ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಮುದುಕಿ ಅಕ್ಕನ ಪಕ್ಕದಲ್ಲಿ ಕೂತು ಅವಳ ಕೆನ್ನೆಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಏನೋ ಹೇಳಿದಳು. ಎರಡು ಬೆರಳೆತ್ತಿ ತನ್ನ ಎದೆ ಮುಟ್ಟಿಕೊಂಡಳು, ಆಮೇಲೆ ಅಕ್ಕ ಮಾಡಿದಂತೆಯೇ ಅಂಗೈಯನ್ನು ನೆಲಕ್ಕೆ ಬೋರಲು ಹಾಕಿದಳು. ಎದ್ದು ಹೋದವಳು ಬೆಲ್ಲ, ತುಪ್ಪ ಹಾಕಿದ ಬಿಸಿ ಅಕ್ಕಿಗಂಜಿ ತಂದು, ಅಕ್ಕ ಬಟ್ಟಲು ಖಾಲಿ ಮಾಡುವವರೆಗೂ ಎದುರಿಗೇ ಕೂತಿದ್ದಳು. ಅವ್ವ ಸಾಂಬ್ರಾಣಿ ಹಾಕಿದಳು. ಹೊಗೆ ಎದ್ದಿತು. ಅಕ್ಕ ಮತ್ತೆ ಕಂಬಳಿಯೊಳಗೆ ಸೇರಿ ಮಧ್ಯಾಹ್ನ ತಿರುಗುವವರೆಗೆ ನಿದ್ದೆ ಮಾಡಿದಳು. ಅವಳ ಹಣೆಯಲ್ಲಿ ಬೆವರು ಕಂಡಾಗಲೆಲ್ಲ ಅವ್ವ ನನಗೆ ತೋರಿಸುತ್ತಿದ್ದಳು. "ನೋಡು, ಇಳೀತಾ ಅದೆ." ಬಿಸಿಲಿಗೆ ನಾನೂ ಬೆವರುತ್ತಿದ್ದೆ. ಅದನ್ನು ಹೇಳಲಿಲ್ಲ.

ವಾಪಸು ಬರುವಾಗ ಹರಿಹರದ ಸೇತುವೆ ದಾಟಿದ ಮೇಲೆ ಅವ್ವ ಕೂತಲ್ಲೇ ತೂಕಡಿಸುತ್ತಿದ್ದಳು. ನಾನು ಅಕ್ಕನಿಗೆ ಹೇಳಿದೆ.

"ಅವತ್ತು ನಿಂಗೆ ಕಾಯ್ಸಿದ್ ನೀರಲ್ಲಿ ಮಿಂದಿದ್ದು ನಾನು ಕಣಕ್ಕ."

"ಗೊತ್ತು ಕಣ್ಲಾ."

"ಯಾರ್ ಯೋಳುದ್ರು?"

"ಯೋಳೋದೇನು? ಹಾಡ್ಕಂಡ್ ಮೀಯ್ತಿದ್ದೆ. ಕ್ವಾಣೆಗೆ ಕೇಳಿಸ್ತಿತ್ತು."

ಹಾಡಿದ್ದು ನನಗೆ ನೆನಪಿಲ್ಲ. ದಿನಚರಿಯಲ್ಲೂ ಇಲ್ಲ. ಗೋಡೆಯ ಆಚೆಯಿಂದ ಕೇಳಿಸಿಕೊಂಡವಳಿಗೆ ಮಾತ್ರ ಅದು ಗೊತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

"ಏನ್ ಹಾಡ್ತಿದ್ದೆ ಅಕ್ಕ?"

"ಯಾವ್ದೋ ನಾಟಕದ್ ಪದ. ಸುರುತಿನೇ ಇರ್ನಿಲ್ಲ." ಮೊಣಕೈಯಿಂದ ತಿವಿದಳು. "ಇವಾಗೂ ಇಲ್ಲ ಬುಡು. ಮೊಖ ಯಾಕಂಗ್ ಮಾಡ್ತೀಯೆ, ಉರಿಹಿಟ್ಟು ಕೊಡು ಇತ್ಲಾಗೆ, ಅಸೀತದೆ."

ಊರು ಸೇರಿದಾಗ ಅಜ್ಜಿ ಜಗುಲಿಯಲ್ಲೇ ಕೂತಿದ್ದಳು.

"ಮಂಡಿ ಎಂಗದೆ ಅಮ್ಮಿ?"

"ವಾಸಿ ಕಣತ್ತೆ" ಎಂದಳು ಅವ್ವ. ಅಷ್ಟು ದೂರ ಹೊತ್ತುಕೊಂಡು ಹೋದ ಆ ಮಂಡಿಗಳಿಗೆ ಅವ್ವ ಒಂದು ಬೊಗಸೆ ನೀರೂ ಹಾಕಿಕೊಂಡಿರಲಿಲ್ಲ ಎಂದು ಅಕ್ಕ ದಾರಿಯಲ್ಲಿ ಹೇಳಿದ್ದಳು. ಅಜ್ಜಿ ಅವ್ವನನ್ನು ನೋಡಿದಳು, ಅಕ್ಕನ ಕೂದಲನ್ನು ನೋಡಿದಳು. ಅದರಲ್ಲಿ ಇನ್ನೂ ಸಾಂಬ್ರಾಣಿಯ ವಾಸನೆ ಇದ್ದಿರಬೇಕು. ಮತ್ತೇನೂ ಕೇಳಲಿಲ್ಲ. ಗೊತ್ತಾಯಿತೇ? ಆಗಿತ್ತೆಂದು ನಾನು ಅಂದುಕೊಳ್ಳುತ್ತೇನೆ. ಅಂದುಕೊಳ್ಳಲು ಇಷ್ಟವಾಗುವುದರಿಂದಲೇ ಅನುಮಾನವೂ ಇದೆ.

ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಹಂಡೆಗೆ ಬೆಂಕಿ ಹಾಕಿದಳು. ಅಕ್ಕ ಎಂದಿನಂತೆ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದಳು. ನಾಲೆಯ ದಾರಿಯ ಕಡೆ ಒಂದೆರಡು ಹೆಜ್ಜೆ ಇಟ್ಟವಳು, ಬಚ್ಚಲಿನ ಹತ್ತಿರ ನಿಂತು ಒಳಗೆ ಇಣುಕಿದಳು.

"ಕಾದದಾ?"

"ಕಾದದೆ" ಎಂದಳು ಅವ್ವ.

ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ, ಜಗುಲಿಯಲ್ಲಿದ್ದ ಅಜ್ಜಿಗೂ ಕೇಳುವಷ್ಟು ಜೋರಾಗಿ, "ಅವ್ವೋ, ಸುಡ್ತದೆ! ಒಸಿ ತಣ್ಣೀರ್ ಬೆರ್ಸು!" ಎಂದು ಕೂಗಿದಳು. ಉಷ್ಣಮಾಪಕ ನನ್ನ ಜೇಬಿನಲ್ಲೇ ಇತ್ತು. ಹಂಡೆಯ ನೀರು ಎಷ್ಟು ಡಿಗ್ರಿ ಎಂದು ನೋಡಬಹುದಿತ್ತು. ನೋಡಲಿಲ್ಲ.

ಆ ದಿನದ ಪುಟದಲ್ಲಿ ಒಂದೇ ಸಾಲಿದೆ: "ಅವ್ವನ ಮಂಡಿ ಮೊದಲಿನಂತೆಯೇ ಇದೆ."